ಬಿಳಿಗಿರಿಯ ಪೋಡುಗಳಲ್ಲಿ ಎಲೆಕ್ಟಿವ್

2019ರ ಪಠ್ಯಕ್ರಮ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎಲೆಕ್ಟಿವ್ ಅವಧಿಯನ್ನು, ಅಂದರೆ ತಾವೇ ಆರಿಸಿಕೊಂಡ ವಿಭಾಗದಲ್ಲಿ ಕಲಿಯುವ ಕಾಲವನ್ನು, ತಂದುಕೊಟ್ಟಿತು. ಆಗಿನಿಂದ ಹೆಚ್ಚಿನವರು ಕೇಳಿ ಹಾಕಿಸಿಕೊಳ್ಳುವುದು ಐಸಿಯು, ಹೃದಯ ಚಿಕಿತ್ಸೆಯ ಕ್ಯಾತ್ ಲ್ಯಾಬ್, ತುರ್ತು ಚಿಕಿತ್ಸೆ. ಕ್ಲಿನಿಕಲ್ ಭಾಗವನ್ನು ಹಳ್ಳಿಯ ಸಮುದಾಯ ಕ್ಲಿನಿಕ್ಕಿನಲ್ಲಿ ಕಳೆಯುವುದಕ್ಕೂ ಅವಕಾಶವಿದೆ. ಹಾಜರಾತಿ ಶೇ 75 ಇರಬೇಕು, ಲಾಗ್‌ಬುಕ್ ತುಂಬಿರಬೇಕು, ಅಷ್ಟೇ. ಈ ಸಲ ನಮ್ಮ ವಿದ್ಯಾರ್ಥಿಗಳ ಒಂದು ಚಿಕ್ಕ ತಂಡ ಬಿಳಿಗಿರಿರಂಗನ ಬೆಟ್ಟದ ಪೋಡುಗಳನ್ನು, ಅಂದರೆ ಸೋಲಿಗ ಬುಡಕಟ್ಟಿನವರ ಹಟ್ಟಿಗಳನ್ನು, ಆರಿಸಿಕೊಂಡಿತು. ಅಕ್ಟೋಬರ್ ತಿಂಗಳು, ಹಿಂಗಾರು ಮಳೆಯ ನಡುವೆ.

ಸೋಮವಾರ: ಗುಂಬಳ್ಳಿ ಗೇಟಿನಿಂದ ಮೇಲಕ್ಕೆ

ಮೈಸೂರಿನಿಂದ ತಿ. ನರಸೀಪುರ, ಮೂಗೂರು, ಸಂತೇಮರಹಳ್ಳಿ ದಾಟಿ ಯಳಂದೂರಿಗೆ ಬರುವಷ್ಟರಲ್ಲಿ ರಸ್ತೆಯ ಎರಡೂ ಕಡೆ ಭತ್ತದ ಗದ್ದೆ ಮೊಣಕಾಲೆತ್ತರ ಬೆಳೆದಿತ್ತು. ಹತ್ತಿ, ಸ್ಪಿರಿಟ್, ಟಾರ್ಚಿನ ಸೆಲ್ಲು, ಕಾಗದಪತ್ರ ಮುಚ್ಚಿಡಲು ದಪ್ಪ ಪ್ಲಾಸ್ಟಿಕ್ ಕವರು, ಎಲ್ಲವನ್ನೂ ಯಳಂದೂರಿನಲ್ಲೇ ಕೊಂಡುಕೊಳ್ಳಬೇಕು. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ್ಯಪ್‌ನಲ್ಲಿ ತುಂಬಿಸುವ ಫಾರಂಗಳನ್ನು ಮುಂಚೆಯೇ ಕಾಗದದ ಮೇಲೆ ಅಚ್ಚು ಹಾಕಿಸಿ ತಂದವರು ಮಾತ್ರ ಮರುದಿನದಿಂದ ನಿರಾಳವಾಗಿ ಕೆಲಸ ಮಾಡಿದರು.

ಗುಂಬಳ್ಳಿ ಚೆಕ್‌ಪೋಸ್ಟಿನಲ್ಲಿ ವಾಹನದ ನಂಬರು ಬರೆದುಕೊಳ್ಳುತ್ತ ಕಾವಲುಗಾರ ಹೇಳಿದ ಮಾತು: "ಆರ್ ಗಂಟ್ಗೆ ಗೇಟ್ ಹಾಕ್ಬುಡ್ತೀವಿ ಸಾ. ಆಮ್ಯಾಕೆ ಆನೆದೇ ರೋಡು." ಹಾಗಾದರೆ ರಾತ್ರಿ ಹೆರಿಗೆ ನೋವು ಬಂದರೆ? ವಿದ್ಯಾರ್ಥಿನಿಯೊಬ್ಬಳು ಕೇಳಿಯೇಬಿಟ್ಟಳು. "ಆಂಬುಲೆನ್ಸ್ ಬಂದ್ರೆ ತಗೀತೀವಿ ಕನವ್ವ. ಬರ್ಬೇಕಲ್ಲ." ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 25 ಕಿಲೋಮೀಟರು. ನಕ್ಷೆಯಲ್ಲಿ ಅದು ಮುಕ್ಕಾಲು ಗಂಟೆಯ ದಾರಿ. ಮಂಜು, ತಿರುವು, ಆನೆ, ಜೊತೆಗೆ ಪೋಡಿನಿಂದ ಟಾರು ರಸ್ತೆಯವರೆಗಿನ ಕಾಲುದಾರಿ ಸೇರಿದರೆ ಎಷ್ಟಾಗುತ್ತದೆ ಎಂಬುದನ್ನು ಲೆಕ್ಕ ಹಾಕುವುದೇ ಇಲ್ಲಿನ ಮೊದಲ ಪಾಠ.

ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಈ ಬೆಟ್ಟದಲ್ಲೇ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕೂ ಸಿಕ್ಕಿತು. ಹಾಗಾಗಿ ಪೋಡಿಗೆ ಹೋಗಲು ಎರಡು ಅನುಮತಿ ಬೇಕು. ಒಂದು ಅರಣ್ಯ ಇಲಾಖೆಯ ಕಾಗದ, ಇನ್ನೊಂದು ಪೋಡಿನ ಯಜಮಾನರ ಒಪ್ಪಿಗೆ. ಕಾಗದ ಸಿಕ್ಕಿದೆ ಎಂದು ನೇರ ಮನೆಗಳ ಬಾಗಿಲಿಗೆ ಹೋಗಿ ನಿಂತರೆ ಕೆಲಸ ಮುಂದೆ ಸಾಗುವುದಿಲ್ಲ. ಆ ಸಂಜೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಯಜಮಾನರ ಜಗುಲಿಯಲ್ಲಿ ಕೂತು, ಬೆಲ್ಲದ ಕಪ್ಪು ಕಾಫಿ ಕುಡಿದು, ಏನು ಪರೀಕ್ಷೆ, ಎಷ್ಟು ರಕ್ತ, ಯಾಕೆ ಎಂದೆಲ್ಲ ಹೇಳಿದ್ದಾಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಓದ್ವರ್ಸನೂ ಬೆಳ್ಳು ಚುಚ್ಚಿ ರಕ್ತ ತಕ್ಕಂಡೋದ್ರು. ಏನಾಯ್ತು ಅಂತ ಯಾರೂ ಯೋಳ್ನಿಲ್ಲ. ನೀವು ಯೋಳೀರಾ?"

ಫಲಿತಾಂಶ ತಿಳಿಸಲು ಶನಿವಾರ ಬೆಳಗ್ಗೆ ಎಂದು ಅಲ್ಲೇ ದಿನ ಗೊತ್ತುಮಾಡಿ, ಪ್ರತಿ ಫಾರಂನ ಕೊನೆಯಲ್ಲಿ ಒಂದು ಸಾಲು ಸೇರಿಸಲಾಯಿತು: ಫಲಿತಾಂಶ ಯಾರಿಗೆ ಹೇಳಿದ್ದು, ಯಾವ ದಿನ, ಹೇಳಿದವರ ಸಹಿ. ಎಲೆಕ್ಟಿವ್‌ನ ಲಾಗ್‌ಬುಕ್ಕಿನಲ್ಲಿ ಇಂಥ ಕಾಲಂ ಇರುವುದಿಲ್ಲ. ಇರಬೇಕು.

ಮಂಗಳವಾರ: ಕುಡುಗೋಲು ಕಣ, ತಣ್ಣನೆಯ ದ್ರಾವಣ

ಬೆಳಗ್ಗೆ ಏಳಕ್ಕೆ ಪೋಡು ಇನ್ನೂ ಮಲಗಿತ್ತು. ರಾಗಿ ತೆನೆ ಕಟ್ಟುವ ಕಾಲ. ಆನೆ, ಹಂದಿ ಹೊಲಕ್ಕೆ ನುಗ್ಗದಂತೆ ಗಂಡಸರು ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾದು, ನಸುಕಿನಲ್ಲಿ ಬಂದು ಮಲಗುತ್ತಾರೆ. ಈ ತಿಂಗಳಲ್ಲಿ ಮನೆ ಭೇಟಿಯನ್ನು ಒಂಬತ್ತೂವರೆಗಿಂತ ಮುಂಚೆ ಇಟ್ಟುಕೊಳ್ಳಬಾರದು. ಕಾಫಿ ಕೊಯ್ಲು ಶುರುವಾದ ಮೇಲೆ ಬಂದರೆ ಎಷ್ಟೋ ಮನೆಗಳಿಗೆ ಬೀಗವೇ ಬಿದ್ದಿರುತ್ತದೆ, ತೋಟದ ಕೂಲಿಗೆ ಹೋಗಿರುತ್ತಾರೆ.

ಅಂದಿನ ಕೆಲಸ ಸಿಕಲ್ ಸೆಲ್ ತಪಾಸಣೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಈ ಆನುವಂಶಿಕ ಕಾಯಿಲೆ ಸೋಲಿಗರಲ್ಲಿದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಇದರ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಅದರ ಗುರಿ. ಆ 7 ಕೋಟಿಯ ಒಂದೊಂದು ತಪಾಸಣೆಯೂ ಇಂಥದೇ ಒಂದು ಜಗುಲಿಯ ಮೇಲೆ, ಒಂದು ಬೆರಳ ತುದಿಯಲ್ಲಿ ಆಗಬೇಕು.

ಬೆರಳು ಚುಚ್ಚುವುದು ಸುಲಭ ಎಂದುಕೊಂಡವರೇ ಹೆಚ್ಚು ತಪ್ಪುತ್ತಾರೆ. ಉಂಗುರ ಬೆರಳಿನ ತುದಿಯ ನಟ್ಟನಡುವೆ ಚುಚ್ಚಬಾರದು, ಪಕ್ಕದಲ್ಲಿ ಚುಚ್ಚಬೇಕು. ನಡುವೆ ನೋವು ಜಾಸ್ತಿ, ನಾಳೆ ಅದೇ ಕೈ ಗುದ್ದಲಿ ಹಿಡಿಯಬೇಕು. ಸ್ಪಿರಿಟ್ ಪೂರ್ತಿ ಆರಿರಬೇಕು. ಮೊದಲ ಹನಿಯನ್ನು ಒಣ ಹತ್ತಿಯಲ್ಲಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಬೇಕು. ರಕ್ತ ಬರಲಿಲ್ಲ ಎಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಬೆರೆತು ಹಿಮೋಗ್ಲೋಬಿನ್ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಮಂಜಿನ ಬೆಳಗಿನಲ್ಲಿ ಎಲ್ಲರ ಕೈಯೂ ಕೊರೆಯುತ್ತಿತ್ತು. ಒಲೆಯ ಮುಂದೆ ಎರಡು ನಿಮಿಷ ಕೈ ಕಾಯಿಸಿಕೊಂಡು ಬಂದವರ ಬೆರಳಲ್ಲಿ ಹನಿ ತಾನಾಗಿ ಮೂಡಿತು. ಇದನ್ನು ಹೇಳಿಕೊಟ್ಟದ್ದು ಆಶಾ.

ಹಿಮೋಗ್ಲೋಬಿನ್ ಓದುವಾಗ ಎತ್ತರವನ್ನೂ ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 1000ದಿಂದ 1499 ಮೀಟರ್ ಎತ್ತರದಲ್ಲಿ ವಾಸಿಸುವವರ ಓದಿನಿಂದ ಡೆಸಿಲೀಟರಿಗೆ 0.8 ಗ್ರಾಂ ಕಳೆಯಬೇಕು. ಮೊದಲ ಅಥವಾ ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಗೆ 11.3 ಬಂತು, ರಕ್ತಹೀನತೆ ಇಲ್ಲ ಎಂದು ಬರೆದರೆ ಈ ಎತ್ತರದಲ್ಲಿ ಅದು ತಪ್ಪು. ಅವಳ ಲೆಕ್ಕ 10.5, ಇರಬೇಕಾದ 11ಕ್ಕಿಂತ ಕಡಿಮೆ.

ಇನ್ನು ಸಾಲ್ಯುಬಿಲಿಟಿ ಪರೀಕ್ಷೆ. 2 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಬೆರೆಸಿ, 5 ನಿಮಿಷ ಬಿಟ್ಟು, ಟ್ಯೂಬಿನ ಹಿಂದೆ ಕಪ್ಪು ಗೆರೆಗಳ ಹಾಳೆ ಹಿಡಿಯಬೇಕು. ಗೆರೆ ಸ್ಪಷ್ಟ ಕಂಡರೆ ನೆಗೆಟಿವ್. ದ್ರಾವಣ ಕದಡಿ ಗೆರೆ ಮರೆಯಾದರೆ ಕಣವನ್ನು ಬಾಗಿಸುವ ಹಿಮೋಗ್ಲೋಬಿನ್ ಎಸ್ ಇದೆ ಎಂದರ್ಥ. ದ್ರಾವಣದಲ್ಲಿರುವ ಸಪೋನಿನ್ ಕಣವನ್ನು ಒಡೆಯುತ್ತದೆ, ಡೈಥಯೋನೈಟ್ ಆಮ್ಲಜನಕವನ್ನು ಕಳೆಯುತ್ತದೆ, ಆಮ್ಲಜನಕ ಕಳೆದುಕೊಂಡ ಎಸ್ ಕರಗದೆ ಉಳಿಯುತ್ತದೆ. ಅಷ್ಟೇ ತತ್ವ.

ಮೊದಲ ಸುತ್ತಿನಲ್ಲೇ ಎಲ್ಲ ಟ್ಯೂಬೂ ಕದಡಿತು. ಜೊತೆಗಿಟ್ಟಿದ್ದ ನೆಗೆಟಿವ್ ಕಂಟ್ರೋಲ್, ಅಂದರೆ ಕಾಯಿಲೆ ಇಲ್ಲವೆಂದು ಮೊದಲೇ ಗೊತ್ತಿದ್ದ ರಕ್ತದ ಟ್ಯೂಬು ಕೂಡ. ಆ ಒಂದು ಟ್ಯೂಬು ಇಲ್ಲದಿದ್ದರೆ ಇಡೀ ಪೋಡಿಗೆ ಕಾಯಿಲೆ ಅಂಟಿಸಿ ಬರುತ್ತಿದ್ದೆವು. ಕಾರಣ ಸರಳ: ಫ್ರಿಜ್ಜಿನಿಂದ ತೆಗೆದ ದ್ರಾವಣವನ್ನು ಕೋಣೆಯ ಬಿಸಿಗೆ ಬರಲು ಬಿಟ್ಟಿರಲಿಲ್ಲ, ಮೇಲಾಗಿ ಅಂದು ಹೊರಗಿನ ಗಾಳಿಯೇ ಫ್ರಿಜ್ಜಿನಂತಿತ್ತು. ಬಾಟಲಿಯನ್ನು ಕೋಣೆಯೊಳಗೆ ಒಯ್ದಿಟ್ಟು, ದ್ರಾವಣದ ತಂಪು ಪೂರ್ತಿ ಬಿಡುವವರೆಗೆ ಕಾದು, ಕಂಟ್ರೋಲ್ ಸಮೇತ ಎಲ್ಲವನ್ನೂ ಮತ್ತೆ ಮಾಡಿದಾಗ ಗೆರೆಗಳು ನಿಚ್ಚಳ ಕಂಡವು. ರಕ್ತ 20ಕ್ಕಿಂತ ಹೆಚ್ಚಾದರೂ ಹೀಗೇ ಸುಳ್ಳು ಪಾಸಿಟಿವ್ ಬರುತ್ತದೆ. ದ್ರಾವಣ ಹಳತಾಗಿ ಡೈಥಯೋನೈಟ್ ಸತ್ವ ಕಳೆದುಕೊಂಡಿದ್ದರೆ ಸುಳ್ಳು ನೆಗೆಟಿವ್. ತೀವ್ರ ರಕ್ತಹೀನತೆ ಇದ್ದರೂ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಸುಳ್ಳು ನೆಗೆಟಿವ್. ಆರು ತಿಂಗಳೊಳಗಿನ ಕೂಸಿನಲ್ಲಿ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಹೆಚ್ಚಿರುವುದರಿಂದ ಈ ಪರೀಕ್ಷೆಯನ್ನೇ ಮಾಡಬಾರದು.

ಪಾಸಿಟಿವ್ ಬಂದವರು ರೋಗಿಯೋ, ಕಾಯಿಲೆಯಿಲ್ಲದೆ ಅದನ್ನು ಮಕ್ಕಳಿಗೆ ದಾಟಿಸಬಲ್ಲ ಬರೀ ವಾಹಕರೋ ಎಂಬುದು ಈ ಟ್ಯೂಬಿನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಎಂಬ ದೊಡ್ಡ ಲ್ಯಾಬಿನ ಪರೀಕ್ಷೆ ಬೇಕು. ಅವರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ 2 ಮಿ.ಲೀ. ರಕ್ತ ತೆಗೆದು, ಎಂಟು-ಹತ್ತು ಸಲ ಮೆಲ್ಲಗೆ ಬೋರಲು ಮಾಡಿ, ಹೆಸರು ಬರೆದು, ತಣ್ಣನೆಯ ಪೆಟ್ಟಿಗೆಗೆ ಹಾಕಿ, ಮಧ್ಯಾಹ್ನ ಇಳಿಯುವ ಜೀಪಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದ್ದಾಯಿತು. ಟ್ಯೂಬನ್ನು ಕುಲುಕಿದರೆ ಕಣಗಳು ಒಡೆಯುತ್ತವೆ. ಮಂಜುಗಡ್ಡೆಗೆ ನೇರ ತಾಗಿಸಿಟ್ಟರೂ ಅಷ್ಟೇ.

ಊಟ ಯಜಮಾನರ ಮನೆಯಲ್ಲಿ. ರಾಗಿ ಮುದ್ದೆ, ಹೊಲದ ಬದುವಿನಿಂದ ಕಿತ್ತ ಸೊಪ್ಪಿನ ಸಾರು, ಸುಟ್ಟ ನೂರೆ ಗೆಣಸು. "ತಿಂದ್ರೆ ತಿನ್ನಿ, ಇಲ್ದಿದ್ರೆ ಇಲ್ಲ ಅನ್ನಿ, ಬುಟ್ಟೋಗ್ಬ್ಯಾಡಿ" ಎಂದರು ಮನೆಯ ಅಜ್ಜಿ. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡನಂತೆ, ಹಾಗಾಗಿ ಅವನು ಇವರಿಗೆಲ್ಲ ಬಾವ. ದೇವರನ್ನು ಬಾವ ಎಂದು ಕರೆಯುವ ಜನ ಎಳೆ ಡಾಕ್ಟರುಗಳಿಗೆ ಅಂಜುವುದುಂಟೆ? ಕೈಕಾಲು ಸೆಳೆತದ ಬಗ್ಗೆ ಅಜ್ಜಿ ತಾನೇ ಮಾತು ತೆಗೆದರು. ಮೊಮ್ಮಗನಿಗೆ ಚಳಿಗಾಲದಲ್ಲಿ, ಜ್ವರ ಬಂದಾಗ, ನೀರು ಕುಡಿಯದೆ ದೂರ ನಡೆದಾಗ ಕೀಲುಗಳು ಹಿಡಿದುಕೊಳ್ಳುತ್ತವೆ, ಚಿಕ್ಕವನಿದ್ದಾಗ ಬೆರಳುಗಳು ಊದುತ್ತಿದ್ದವು. ಪಠ್ಯಪುಸ್ತಕದಲ್ಲಿ ಸಿಕಲ್ ಸೆಲ್ ನೋವಿನ ಪ್ರಚೋದಕಗಳು ಎಂದು ಏನಿದೆಯೋ ಅಷ್ಟನ್ನೂ ಅವರು ಒಂದೂ ಬಿಡದೆ ಹೇಳಿದರು. ಪ್ರಶ್ನಾವಳಿ ಕೈಗೆತ್ತಿಕೊಳ್ಳುವ ಮುನ್ನ ಸುಮ್ಮನೆ ಕೂತು ಕೇಳಬೇಕು ಎಂದು ನಾವು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಹಿಡಿಯದ ಮಾತು ಅಂದು ಆ ಒಲೆಯ ಮುಂದೆ ಹಿಡಿಯಿತು.

ಬುಧವಾರ: ನೀರಿನ ಟ್ಯಾಂಕು, ಮಾತ್ರೆಯ ಡಬ್ಬಿ

ರಾತ್ರಿಯಿಡೀ ಮಳೆ. ಕಾಲುದಾರಿ ಕೆಸರಾಗಿ ನಡಿಗೆ ನಿಧಾನವಾಯಿತು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ ನಡೆಯುವುದು, ಬಂದ ಮೇಲೆ ಮಂಡಿಯ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳುವುದು ಇಲ್ಲಿ ಅಭ್ಯಾಸವಾಗಬೇಕು. ರಕ್ತ ಹೀರುವ ಉಣ್ಣೆಹುಳ ಅಂಟಿದ್ದರೆ ಬೆರಳಲ್ಲಿ ಹಿಸುಕದೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಬೇಕು.

ಪೋಡಿನ ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕಿದೆ ಎಂದು ಪುಸ್ತಕದಲ್ಲಿ ಬರೆದಿತ್ತು. ನಲ್ಲಿಯ ನೀರಿಗೆ ಆರ್ಥೋಟಾಲಿಡಿನ್ ಹನಿ ಬಿಟ್ಟರೆ ಬಣ್ಣ ಬರಲಿಲ್ಲ. ಒಂದು ಗಂಟೆಯ ಸಂಪರ್ಕದ ನಂತರ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಹನಿ ಹಾಕಿದ ಹತ್ತು ಸೆಕೆಂಡಿನೊಳಗೆ ಹಳದಿ ಬಂದರೆ ಅದು ಮುಕ್ತ ಕ್ಲೋರಿನ್. ತಡವಾಗಿ ಬರುವ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬಾರದು. ಬ್ಲೀಚಿಂಗ್ ಪುಡಿಯ ಚೀಲ ಬಾಯಿ ತೆರೆದೇ ಬಿದ್ದಿತ್ತು, ಮೂಗಿಗೆ ಹಿಡಿದರೆ ಸುಣ್ಣದ ವಾಸನೆ. ಒಳ್ಳೆಯ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇರುತ್ತದೆ, 1000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. ತೇವ, ಬೆಳಕು, ಗಾಳಿ ತಾಗಿದ ಪುಡಿಯನ್ನು ಎಷ್ಟು ಸುರಿದರೂ ಸುಣ್ಣ ಸುರಿದಂತೆಯೇ. ವಾಟರ್‌ಮನ್‌ನನ್ನು ದೂರಿ ಫಲವಿಲ್ಲ. ಅವನಿಗೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯನ್ನೂ ತೂಕದ ಚಮಚವನ್ನೂ ಯಾರೂ ಕೊಟ್ಟಿರಲಿಲ್ಲ. ಪಂಚಾಯ್ತಿಗೆ ಬರೆದ ಚೀಟಿಯಲ್ಲಿ ವಿದ್ಯಾರ್ಥಿಗಳು ಮೊದಲು ಕೇಳಿದ್ದು ಅವೆರಡನ್ನೇ.

ಆಮೇಲೆ ಮನೆ ಭೇಟಿ. ಬಿಪಿ ಇರುವ ಹಿರಿಯರ ಮನೆಗೆ ಹೋದಾಗ "ಮಾತ್ರೆ ತಗೋತೀರಾ?" ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. ಡಬ್ಬಿ ತರಿಸಿ ಎಣಿಸಬೇಕು. 30 ಮಾತ್ರೆ ಕೊಟ್ಟು ತಿಂಗಳಾಗಿದ್ದರೂ 22 ಉಳಿದಿದ್ದವು. "ತಲೆ ಸುತ್ತಿದಾಗ ನುಂಗ್ತೀನಿ." ಇದು ಹಟವಲ್ಲ, ಉಳಿತಾಯ. ಮಳೆ ಹಿಡಿದರೆ ಮುಂದಿನ ತಿಂಗಳ ಮಾತ್ರೆ ಬರುವುದು ಖಾತ್ರಿಯಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳಿನದನ್ನು ಒಟ್ಟಿಗೆ ಕೊಡುವ ಬಗ್ಗೆ ವೈದ್ಯಾಧಿಕಾರಿಯನ್ನು ಕೇಳುವುದು ಇಲ್ಲಿನ ಸರಿಯಾದ ಚಿಕಿತ್ಸೆ.

ಗುರುವಾರ: ಅಂಗನವಾಡಿಯಲ್ಲಿ ಲಸಿಕೆ

ಲಸಿಕೆ ದಿನ. ವ್ಯಾಕ್ಸಿನ್ ಕ್ಯಾರಿಯರ್‌ಗೆ ನಾಲ್ಕು ಐಸ್‌ಪ್ಯಾಕು ಹಾಕುವ ಮುನ್ನ ಅವುಗಳನ್ನು ಹೊರಗಿಟ್ಟು, ಮೈಮೇಲೆ ನೀರ ಹನಿ ಮೂಡಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬರುವವರೆಗೆ ಕಾಯಬೇಕು. ಕಲ್ಲಿನಂಥ ಐಸ್‌ಪ್ಯಾಕಿಗೆ ತಾಗಿದರೆ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತದೆ, ಹೊರನೋಟಕ್ಕೆ ತಿಳಿಯುವುದೂ ಇಲ್ಲ. ಲಸಿಕೆ ಕೆಡುವುದು ಬಿಸಿಗೆ ಮಾತ್ರ ಎಂದು ನಂಬಿದ್ದ ವಿದ್ಯಾರ್ಥಿಗಳಿಗೆ ಇದು ಹೊಸತು.

ಬಂದ ಕೂಸುಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಗೆ ಬಾಕಿ ಇದ್ದದ್ದು ಇಬ್ಬರೇ. ಐದು ಡೋಸಿನ ಬಾಟಲಿ ಒಡೆಯುವುದೋ ಬೇಡವೋ? ಒಡೆಯಲೇಬೇಕು. ಮುಂದಿನ ವಾರ ಬನ್ನಿ ಎಂದರೆ ಆ ತಾಯಂದಿರು ಮತ್ತೆ ಅಷ್ಟು ದೂರ ನಡೆಯಬೇಕು, ಒಂದು ದಿನದ ಕೂಲಿ ಬಿಡಬೇಕು. ದ್ರಾವಕ ಬೆರೆಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆದು, ನಾಲ್ಕು ಗಂಟೆಯ ನಂತರ ಉಳಿದದ್ದನ್ನು ಎಸೆಯಬೇಕು. ಪೆಂಟಾ, ಪೋಲಿಯೋ ಹನಿಗಳಿಗಾದರೆ ಸರಿಯಾಗಿ ಇಟ್ಟ ತೆರೆದ ಬಾಟಲಿಯನ್ನು 28 ದಿನ ಬಳಸಬಹುದು. ಈ ಎರಡು ನಿಯಮ ಅದಲುಬದಲಾದರೆ ಅನಾಹುತ.

ತೋಳಿನ ಸುತ್ತಳತೆಯಲ್ಲಿ ಒಂದು ಎಡವಟ್ಟಾಯಿತು. ಒಂದೇ ಮಗುವಿಗೆ ಒಬ್ಬರು 11.4 ಸೆಂ.ಮೀ. ಬರೆದರು, ಇನ್ನೊಬ್ಬರು 11.7. ಗೆರೆ ಇರುವುದು 11.5ರಲ್ಲಿ. ಅದಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ಎಡ ತೋಳನ್ನು ಮಡಚಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು, ನಡುವೆ ಪೆನ್ನಿನ ಗುರುತು ಹಾಕಿ, ಆಮೇಲೆ ತೋಳನ್ನು ಸಡಿಲ ಇಳಿಬಿಟ್ಟು ಪಟ್ಟಿ ಸುತ್ತಬೇಕು. ಮೊದಲಿನವರು ಗುರುತು ಹಾಕದೆ ಅಂದಾಜಿಗೆ ಸುತ್ತಿ, ಚರ್ಮ ಒತ್ತುವಷ್ಟು ಬಿಗಿದಿದ್ದರು. ಸರಿಯಾಗಿ ಅಳೆದಾಗ 11.6. ಎರಡೂ ಪಾದದ ಮೇಲೆ ಹೆಬ್ಬೆರಳನ್ನು ಮೂರು ಸೆಕೆಂಡು ಒತ್ತಿ ಊತವಿಲ್ಲ ಎಂದು ನೋಡಿ, ತೂಕ-ಎತ್ತರ ತೆಗೆದು, ಮಧ್ಯಮ ಎಂದು ಬರೆದದ್ದಾಯಿತು. ಈ ಎರಡು ಮಿಲಿಮೀಟರು ಸಣ್ಣದಲ್ಲ. ಬೆಟ್ಟದ ಕೆಳಗಿನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದರೆ ತಾಯಿ ಉಳಿದ ಮಕ್ಕಳನ್ನು ಬಿಟ್ಟು ದಿನಗಟ್ಟಲೆ ಅಲ್ಲಿ ಇರಬೇಕಾಗುತ್ತದೆ.

ಶುಕ್ರವಾರ: ಗಾಜಿನ ಟ್ಯೂಬು

ದಿನವಿಡೀ ಆರೋಗ್ಯ ಕೇಂದ್ರದಲ್ಲಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವರದಿ ಮಾಡುವವರಿಗೆ ಮೊದಲು 20 ನಿಮಿಷದ ಹೆಪ್ಪುಗಟ್ಟುವಿಕೆ ಪರೀಕ್ಷೆ ಬರಬೇಕು. ಹೊಸ, ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿಗೆ 2 ಮಿ.ಲೀ. ಸಿರೆಯ ರಕ್ತ. 20 ನಿಮಿಷ ಮುಟ್ಟಬಾರದು, ಅಲ್ಲಾಡಿಸಬಾರದು. ಆಮೇಲೆ ಒಂದೇ ಸಲ ಬಾಗಿಸಿ ನೋಡಬೇಕು. ಹರಿದರೆ ವಿಷ ರಕ್ತಕ್ಕೆ ತಾಗಿದೆ.

ಒಬ್ಬ ವಿದ್ಯಾರ್ಥಿ ತನ್ನ ರಕ್ತವನ್ನೇ ಕೊಟ್ಟ. ಹೊಸ ಗಾಜು, ಸೋಪುಪುಡಿಯಲ್ಲಿ ತೊಳೆದ ಗಾಜು, ಪ್ಲಾಸ್ಟಿಕ್, ಹೀಗೆ ಮೂರು ಟ್ಯೂಬು. ಹೊಸ ಗಾಜಿನಲ್ಲಿ ಮಾತ್ರ ಗಟ್ಟಿಯಾಗಿ ಹೆಪ್ಪುಗಟ್ಟಿತು. ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದು ಗಾಜಿನ ಮೈ. ಸೋಪಿನ ಪದರ ಅದನ್ನು ಮುಚ್ಚಿಬಿಡುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣವೇ ಇಲ್ಲ. ಆರೋಗ್ಯವಂತನ ರಕ್ತವನ್ನೂ ಕೊಳಕುಮಂಡಲದ ಕಡಿತ ಎಂದು ಓದಿಸಬಲ್ಲ ಟ್ಯೂಬು ಯಾವ ಕಪಾಟಿನಲ್ಲಾದರೂ ಇರಬಹುದು. ಅಲ್ಲಿನ ಲ್ಯಾಬ್ ಟೆಕ್ನಿಷಿಯನ್ ಮರುಮಾತಿಲ್ಲದೆ ಎರಡು ಹೊಸ ಗಾಜಿನ ಟ್ಯೂಬನ್ನು ತುರ್ತು ಟ್ರೇಗೆ ಕಟ್ಟಿಟ್ಟರು. ಅವಧಿ ಮೀರಿದ ಪ್ರತಿವಿಷದ ಬಾಟಲಿಗಳಲ್ಲಿ ಕರಗಿಸುವ ಅಭ್ಯಾಸವೂ ನಡೆಯಿತು. ಒಂದಕ್ಕೆ ಇಂಜೆಕ್ಷನ್‌ಗೆ ಬಳಸುವ 10 ಮಿ.ಲೀ. ಶುದ್ಧ ನೀರು, ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆ ಎದ್ದು ಔಷಧ ವ್ಯರ್ಥ. ಮೊದಲ ಪ್ರಮಾಣವೇ 10 ಬಾಟಲಿ. ಒಬ್ಬರೇ ಕರಗಿಸುತ್ತ ಕೂತರೆ ರೋಗಿಯನ್ನು ನೋಡುವವರಿಲ್ಲ. ಸಿರಿಂಜಿನಲ್ಲಿ 0.5 ಮಿಲಿಗ್ರಾಂ ಅಡ್ರಿನಲಿನ್ ಎಳೆದಿಟ್ಟ ಮೇಲೆಯೇ ಡ್ರಿಪ್ ಬಿಡಬೇಕು.

ಶನಿವಾರ: ಅವರೆ, ಹುರುಳಿ

ಮಳೆ ಬಿಟ್ಟು ಎಳೆಬಿಸಿಲು. ಎಚ್‌ಪಿಎಲ್‌ಸಿ ಫಲಿತಾಂಶ ಹಿಂದಿನ ಸಂಜೆ ಬಂದಿತ್ತು. ಯಜಮಾನರ ಜಗುಲಿಗೆ ಎಲ್ಲರನ್ನೂ ಕರೆದು ಪಟ್ಟಿ ಓದುವ ಹಾಗಿಲ್ಲ. ಒಂದೊಂದೇ ಮನೆಗೆ ಹೋಗಿ, ಅವರವರಿಗೆ ಮಾತ್ರ ಹೇಳಬೇಕು. ಮದುವೆಯ ವಯಸ್ಸಿಗೆ ಬಂದ ಹುಡುಗಿ ವಾಹಕಿ ಎಂಬ ಸುದ್ದಿ ಪೋಡಿನಲ್ಲಿ ಹರಡಿದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು.

ವಿವರಿಸಲು ವಿದ್ಯಾರ್ಥಿಗಳು ಎರಡು ಬಟ್ಟಲು ತೆಗೆದುಕೊಂಡರು. ತಂದೆಗೊಂದು, ತಾಯಿಗೊಂದು. ಇಬ್ಬರೂ ವಾಹಕರಾದರೆ ಒಂದೊಂದರಲ್ಲೂ ಒಂದು ಅವರೆ, ಒಂದು ಹುರುಳಿ. ಕಣ್ಣು ಮುಚ್ಚಿ ಎರಡರಿಂದಲೂ ಒಂದೊಂದು ಕಾಳು ತೆಗೆಯಬೇಕು. ಎರಡೂ ಹುರುಳಿ ಬಂದರೆ ಮಗುವಿಗೆ ಕಾಯಿಲೆ, ಒಂದು ಬಂದರೆ ವಾಹಕ, ಎರಡೂ ಅವರೆಯಾದರೆ ಏನಿಲ್ಲ. ಪ್ರತಿ ಸಲ ತೆಗೆದ ಕಾಳನ್ನು ಅದರದರ ಬಟ್ಟಲಿಗೆ ವಾಪಸು ಹಾಕುವುದು ಮುಖ್ಯ. ಬರೀ ಬಾಯಲ್ಲಿ "ನಾಲ್ಕರಲ್ಲಿ ಒಂದು" ಎಂದರೆ, ಒಂದು ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದೇ ಜನ ತಿಳಿಯುತ್ತಾರೆ. ಒಬ್ಬ ತಾಯಿ ತಾನೇ ಮತ್ತೆ ಮತ್ತೆ ಕಾಳು ತೆಗೆದು ನೋಡಿ, "ಎಲ್ಲಾ ಸಲನೂ ಒಸದಾಗೇ ಆಡೋದು" ಎಂದರು. ಅದಕ್ಕಿಂತ ಸರಿಯಾಗಿ ಹೇಳಲು ಬರುವುದಿಲ್ಲ.

ಅಜ್ಜಿಯ ಮೊಮ್ಮಗನಿಗೆ ಕಾಯಿಲೆಯೇ ಇತ್ತು. ದಿನಕ್ಕೊಂದು ಫೋಲಿಕ್ ಆಸಿಡ್ ಮಾತ್ರೆ, ಶಾಲೆಗೆ ನೀರಿನ ಬಾಟಲಿ, ಚಳಿಗೆ ಸ್ವೆಟರು, ಜ್ವರ ಬಂದರೆ ಅದೇ ದಿನ ಆಸ್ಪತ್ರೆ, ಎದೆನೋವು ಅಥವಾ ಉಸಿರಾಟದ ತೊಂದರೆಯಾದರೆ ರಾತ್ರಿಯಾದರೂ ಸರಿ, ಗೇಟು ತೆಗೆಸಿ ಇಳಿಸುವುದು. ಹೈಡ್ರಾಕ್ಸಿಯೂರಿಯಾ ಶುರು ಮಾಡಲು ಜಿಲ್ಲಾಸ್ಪತ್ರೆಗೆ ಹೋಗಬೇಕಾದ ದಿನ, ಬಸ್ಸಿನ ಹೊತ್ತು, ಜೊತೆಗೆ ಹೋಗುವ ಆಶಾ ಯಾರು ಎಂಬುದನ್ನು ಅವನ ಕಾರ್ಡಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದರು. ಆ ಔಷಧಕ್ಕೆ ರಕ್ತಕಣಗಳ ಎಣಿಕೆ ಆಗಾಗ ಆಗುತ್ತಲೇ ಇರಬೇಕು, ಒಂದು ಸಲ ಹೋಗಿ ಬಂದರೆ ಮುಗಿಯುವುದಿಲ್ಲ. ಹಾಗಾಗಿ ಮುಂದಿನ ದಿನಾಂಕಗಳೂ ಅಲ್ಲೇ.

ಬೀಗ ಹಾಕಿದ್ದ ಎರಡು ಮನೆಯವರ ಸಾಲು ಖಾಲಿ ಉಳಿಯಿತು. ಅವರು ಕೊಡಗಿನ ತೋಟಕ್ಕೆ ಹೋಗಿದ್ದರು. ಆ ಎರಡು ಫಾರಂಗಳನ್ನು ಮೇಲಕ್ಕಿಟ್ಟು ಇಡೀ ಕಟ್ಟನ್ನು ಉಪಕೇಂದ್ರದ ಆರೋಗ್ಯ ಸುರಕ್ಷಾಧಿಕಾರಿಗೆ ಒಪ್ಪಿಸಿ, ಅವರ ಸಹಿ ಪಡೆದು, ನಾಲ್ಕು ಗಂಟೆಯ ಜೀಪು ಹಿಡಿದು ಆರರೊಳಗೆ ಗುಂಬಳ್ಳಿ ಗೇಟು ದಾಟಿದ್ದಾಯಿತು.